ಮಾತ್ರೆ ನಿಲ್ಲಿಸಿದರೆ ಔಷಧಕ್ಕೆ ಬಗ್ಗದ ಎಚ್‌ಐವಿ ತಾನಾಗಿ ಹೋಗುತ್ತದೆಯೇ?

ಪ್ರಶ್ನೆ: ಮಂಡ್ಯದ ಎಆರ್‌ಟಿ (ಎಚ್‌ಐವಿ ಚಿಕಿತ್ಸಾ) ಕೇಂದ್ರದಲ್ಲಿ ಕೆಲವು ವರ್ಷಗಳಿಂದ ಮಾತ್ರೆ ಪಡೆಯುತ್ತಿದ್ದೇನೆ. ಔಷಧಕ್ಕೆ ಬಗ್ಗದಂತೆ ಬದಲಾದ ವೈರಸ್ ಮೊದಲಿನದಕ್ಕಿಂತ ದುರ್ಬಲವೆಂದು ಓದಿದೆ. ಹಾಗಾದರೆ ಸ್ವಲ್ಪ ಕಾಲ ಮಾತ್ರೆ ಬಿಟ್ಟರೆ ಆ ವೈರಸ್ ಸೋತುಹೋಗಿ, ಔಷಧ ಮತ್ತೆ ಕೆಲಸ ಮಾಡುವುದಿಲ್ಲವೇ?

ಉತ್ತರ: ಇಲ್ಲ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ತಾವು ಓದಿದ್ದು ಬಹುಮಟ್ಟಿಗೆ ನಿಜವೇ. ಅದರಿಂದ ತಲುಪಿರುವ ತೀರ್ಮಾನ ಮಾತ್ರ ಅಪಾಯಕಾರಿ.

ಎಚ್‌ಐವಿಯ ಆರ್‌ಎನ್‌ಎ ಸುಮಾರು 9,700 ಅಕ್ಷರಗಳಷ್ಟು ಉದ್ದವಿದೆ. ಅದನ್ನು ಡಿಎನ್‌ಎ ರೂಪಕ್ಕೆ ನಕಲು ಮಾಡುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬ ಕಿಣ್ವಕ್ಕೆ ತನ್ನ ತಪ್ಪನ್ನು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಚಿಕಿತ್ಸೆ ಇಲ್ಲದ ದೇಹದಲ್ಲಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್‌ಗಳು ಹುಟ್ಟುವುದರಿಂದ, ಯಾವುದೋ ಒಂದು ಔಷಧವನ್ನು ತಪ್ಪಿಸಿಕೊಳ್ಳಬಲ್ಲ ರೂಪಾಂತರವೂ ಆ ರಾಶಿಯಲ್ಲಿ ಇದ್ದೇ ಇರುತ್ತದೆ. ಮೂರು ಔಷಧಗಳನ್ನು ಒಟ್ಟಿಗೆ ಕೊಡುವುದಕ್ಕೆ ಇದೇ ಕಾರಣ.

ಈ ಕಿಣ್ವದ 184ನೆಯ ಸ್ಥಾನದಲ್ಲಿ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಬಂದರೆ (ಎಂ184ವಿ ರೂಪಾಂತರ) ಲ್ಯಾಮಿವುಡಿನ್ ಎಂಬ ಔಷಧ ಹೆಚ್ಚುಕಡಿಮೆ ನಿಷ್ಫಲವಾಗುತ್ತದೆ. ಅದಕ್ಕೆ ವೈರಸ್ಸೂ ಬೆಲೆ ತೆರುತ್ತದೆ: ಅದರ ವೃದ್ಧಿ ಕುಂಠಿತವಾಗುತ್ತದೆ, ಟೆನೊಫೊವಿರ್ ಎಂಬ ಇನ್ನೊಂದು ಔಷಧಕ್ಕೆ ಅದು ಇನ್ನಷ್ಟು ಸುಲಭವಾಗಿ ಮಣಿಯುತ್ತದೆ. ಆದರೆ ಎಲ್ಲ ರೂಪಾಂತರಗಳೂ ಹೀಗಲ್ಲ. ಎಫಾವಿರೆಂಜ್ ಮತ್ತು ನೆವಿರಪಿನ್ ಔಷಧಗಳನ್ನು ಎದುರಿಸುವ ಕೆ103ಎನ್ ಎಂಬ ರೂಪಾಂತರ ವೈರಸ್ಸನ್ನು ಅಷ್ಟೇನೂ ಬಳಲಿಸುವುದಿಲ್ಲ. ಆದ್ದರಿಂದಲೇ ಔಷಧ ನಿಂತರೂ ಅದು ವರ್ಷಗಟ್ಟಲೆ ಉಳಿಯಬಲ್ಲದು.

ದುರ್ಬಲ ಎನ್ನುವುದು ಸನ್ನಿವೇಶಕ್ಕೆ ತಕ್ಕ ಮಾತು. ನಮ್ಮ ನಾಲೆ ಬಯಲಿನ ಚೌಳು ಗದ್ದೆಯಲ್ಲಿ ಉಪ್ಪು ತಡೆಯುವ ಭತ್ತವೇ ನಿಲ್ಲುತ್ತದೆ. ಒಳ್ಳೆಯ ಮಣ್ಣಿನಲ್ಲಿ ಬೇರೆ ತಳಿ ಅದನ್ನು ಮೀರಿಸುತ್ತದೆ. ಹಾಗೆಯೇ ಔಷಧ ನಿಂತಾಗ ವಾರಗಳಲ್ಲಿಯೋ ತಿಂಗಳುಗಳಲ್ಲಿಯೋ ಮೂಲ ವೈರಸ್ ಮುನ್ನುಗ್ಗುತ್ತದೆ. ಸೋತಂತೆ ಕಾಣುವ ರೂಪಾಂತರ ಅಳಿದಿರುವುದಿಲ್ಲ. ಅದರ ಪ್ರತಿ ದೀರ್ಘಾಯುಷಿ ಸಿಡಿ4 ಜೀವಕೋಶಗಳ (ರೋಗನಿರೋಧಕ ಬಿಳಿ ರಕ್ತಕಣಗಳ) ಡಿಎನ್‌ಎಯಲ್ಲಿ ಸೇರಿಕೊಂಡಿರುತ್ತದೆ, ಸಾಮಾನ್ಯ ಪರೀಕ್ಷೆಗೆ ಸಿಗುವುದೂ ಇಲ್ಲ. ಅದೇ ಔಷಧ ಮರಳಿ ಬಂದರೆ ಅದೂ ಮರಳಿ ಬರುತ್ತದೆ.

ಇತ್ತ ದೇಹಕ್ಕಾಗುವ ನಷ್ಟ ದೊಡ್ಡದು. 33 ದೇಶಗಳ 5,472 ಮಂದಿ ಪಾಲ್ಗೊಂಡ, 2006ರಲ್ಲಿ ಪ್ರಕಟವಾದ ಸ್ಮಾರ್ಟ್ ಅಧ್ಯಯನದಲ್ಲಿ, ಸಿಡಿ4 ಎಣಿಕೆ ನೋಡಿಕೊಂಡು ಚಿಕಿತ್ಸೆ ನಿಲ್ಲಿಸಿ ಮತ್ತೆ ಆರಂಭಿಸಿದವರಲ್ಲಿ ಅವಕಾಶವಾದಿ ಸೋಂಕುಗಳೂ (ರೋಗನಿರೋಧಕ ಶಕ್ತಿ ಕುಂದಿದಾಗ ತಗಲುವಂಥವು) ಸಾವುಗಳೂ ಹೆಚ್ಚಾದವು. ಹೆಪಟೈಟಿಸ್ ಬಿ ಕೂಡ ಇರುವವರು ಟೆನೊಫೊವಿರ್, ಲ್ಯಾಮಿವುಡಿನ್ ಬಿಟ್ಟರೆ ಯಕೃತ್ತಿನ ಉರಿಯೂತ ಉಲ್ಬಣಿಸಬಹುದು.

ಔಷಧ ಸೋತಿದೆಯೆಂಬ ಅನುಮಾನವಿದ್ದರೆ ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ ಪ್ರಮಾಣದ) ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ತಪ್ಪಿದ ದಿನಗಳಿದ್ದರೆ ಆಪ್ತಸಮಾಲೋಚಕರ ಬಳಿ ಮರೆಮಾಚದೆ ಹೇಳಿ. ಅದು ಗೊತ್ತಾಗದೆ ಔಷಧ ಬದಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರು ಸರಿಯಾಗಿ ನಿರ್ಧರಿಸಲಾರರು. ಕೆಲಸಕ್ಕಾಗಿ ಊರು ಬಿಡುವುದಿದ್ದರೆ, ಅಲ್ಲಿನ ಎಆರ್‌ಟಿ ಕೇಂದ್ರಕ್ಕೆ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಹೊರಡುವ ಮೊದಲೇ ಕೇಳಿ.