ಗುಳಿಯನ್ನು ಕೆಳಗಿನಿಂದ ಬಿಡಿಸುವ ಕೆಲಸ

ಒಳಗೆ ಬಂದ ಯುವತಿ ಕುಳಿತುಕೊಳ್ಳುವ ಮೊದಲು ಕುರ್ಚಿಯನ್ನು ತುಸು ತಿರುಗಿಸಿಕೊಂಡರು, ಕಿಟಕಿಯ ಬೆಳಕು ಪಕ್ಕದಿಂದ ಬೀಳದೆ ನೇರವಾಗಿ ಮುಖದ ಮೇಲೆ ಬೀಳುವ ಹಾಗೆ. ಕೆನ್ನೆಯಲ್ಲಿ ಮೊಡವೆಯ ಗುಳಿಗಳಿರುವ ಬಹಳ ಮಂದಿ ಹೀಗೆಯೇ ಮಾಡುತ್ತಾರೆ. ಮಾಡುತ್ತಿದ್ದೇವೆ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಎದುರಿನ ಬೆಳಕು ಗುಳಿಯನ್ನು ತುಂಬಿಬಿಡುತ್ತದೆ; ಪಕ್ಕದ ಬೆಳಕು ಪ್ರತಿ ಗುಳಿಯ ಒಂದು ಅಂಚಿಗೆ ನೆರಳು ಹಚ್ಚುತ್ತದೆ. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ನುಣುಪಾಗಿ ಕಂಡ ಮುಖ ಲಿಫ್ಟಿನ ಕನ್ನಡಿಯಲ್ಲಿ, ತಲೆಯ ಮೇಲಿನ ದೀಪದ ಕೆಳಗೆ, ಇನ್ಯಾರದೋ ಎನ್ನಿಸುವುದು ಇದೇ ಕಾರಣಕ್ಕೆ.

ಕೇಳಿಕೊಂಡು ಕುರ್ಚಿಯನ್ನು ಮತ್ತೆ ಪಕ್ಕದ ಬೆಳಕಿಗೆ ತಿರುಗಿಸಿದೆ. ಬೇರೊಂದು ಕಡೆ ಅವರು ಐದು ಬಾರಿ ಲೇಸರ್ ಮಾಡಿಸಿಕೊಂಡು ಬಂದಿದ್ದರು. "ಬಣ್ಣ ತಿಳಿಯಾಯಿತು ಡಾಕ್ಟರ್, ಗುಳಿ ಮಾತ್ರ ಇದ್ದ ಹಾಗೆಯೇ ಇದೆ" ಎಂದರು. ಒಂದು ಗುಳಿಯ ಅಕ್ಕಪಕ್ಕದ ಚರ್ಮವನ್ನು ಬೆರಳಿನಿಂದ ಆಚೀಚೆ ಸರಿಸಿ ನೋಡಿದೆ. ಸುತ್ತಲಿನ ಚರ್ಮ ಬೆರಳಿನ ಜೊತೆ ಬಂದಿತು. ಗುಳಿಯ ತಳ ಬರಲಿಲ್ಲ. ನಗಲು ಹೇಳಿದೆ, ಗುಳಿ ಇನ್ನಷ್ಟು ಒಳಕ್ಕೆ ಹೋಯಿತು. ಲೇಸರ್ ಏಕೆ ಸೋತಿತೆಂಬುದಕ್ಕೆ ಇಷ್ಟು ಸಾಕಾಗಿತ್ತು. ಮೇಲಿನಿಂದ ಎಷ್ಟು ಉಜ್ಜಿದರೂ ಕೆಳಗೆ ಹಿಡಿದುಕೊಂಡಿರುವುದು ಬಿಡುವುದಿಲ್ಲ.

ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದಿರುವುದನ್ನು ನೋಡಿದ್ದೀರಲ್ಲ? ಬಿಗಿದ ಕಡೆಯಲ್ಲೆಲ್ಲ ಹಾಸಿಗೆ ತಗ್ಗಾಗಿರುತ್ತದೆ. ಅಲ್ಲಿ ಹತ್ತಿ ಕಡಿಮೆಯಾಗಿದೆ ಎಂದಲ್ಲ, ದಾರ ಎಳೆದು ಹಿಡಿದಿದೆ. ಮೇಲುಹೊದಿಕೆಗೆ ಇಸ್ತ್ರಿ ಹಾಕಿದರೆ ಆ ತಗ್ಗು ಹೋಗುವುದಿಲ್ಲ. ದಾರ ಕತ್ತರಿಸಬೇಕು. ಆಳದ ಮೊಡವೆಯೊಂದು ಒಳಗೇ ಒಡೆದಾಗ ರೋಮಕೂಪದ ಗೋಡೆ ಹರಿದು, ಉರಿಯೂತ ಒಳಚರ್ಮಕ್ಕೂ ಅದರ ಕೆಳಗಿನ ಕೊಬ್ಬಿನ ಪದರಕ್ಕೂ ಹಬ್ಬುತ್ತದೆ. ಚರ್ಮಕ್ಕೆ ಆಧಾರವಾಗಿರುವ ಅಲ್ಲಿನ ಪ್ರೋಟೀನು, ಕೊಲಾಜನ್, ಸವೆಯುತ್ತದೆ. ದೇಹ ಅವಸರದಲ್ಲಿ ನಡೆಸುವ ರಿಪೇರಿಯಲ್ಲಿ ಒರಟು ನಾರುಗಳು ಹುಟ್ಟಿ, ಮಾಗುತ್ತ ಕುಗ್ಗಿ, ಚರ್ಮವನ್ನು ಕೆಳಕ್ಕೆ ಜಗ್ಗಿ ಕಟ್ಟಿಹಾಕುತ್ತವೆ. ನಾವು ಗುಳಿ ಎನ್ನುವುದು ಆ ಜಗ್ಗಾಟದ ಮೇಲ್ಗುರುತು. ಹಾಸಿಗೆಯ ಹೋಲಿಕೆ ಪೂರ್ತಿ ಸರಿಹೊಂದುವುದಿಲ್ಲ ನಿಜ. ಗುಳಿಯಡಿಯಲ್ಲಿ ತುಸು ಅಂಗಾಂಶ ನಷ್ಟವೂ ಆಗಿರುತ್ತದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇಲ್ಲಿ ಭಾಷೆಯದೂ ಒಂದು ತೊಡಕಿದೆ. ಮೊಡವೆ ಒಣಗಿದ ಮೇಲೆ ಉಳಿಯುವ ಕಪ್ಪು ಗುರುತಿಗೂ ನಾವು ಕಲೆ ಎನ್ನುತ್ತೇವೆ, ತಗ್ಗಿಗೂ ಕಲೆ ಎನ್ನುತ್ತೇವೆ. ಮೊದಲನೆಯದು ಬರಿಯ ಬಣ್ಣ. ಬಿಸಿಲು ತಾಗದಂತೆ ನೋಡಿಕೊಂಡರೆ ತಿಂಗಳುಗಳಲ್ಲಿ ತಾನೇ ಮಾಸುತ್ತದೆ, ಕ್ರೀಮು ಅದನ್ನು ಬೇಗ ಮಾಸಿಸಬಹುದು. ಎರಡನೆಯದು ಆಕಾರದ ದೋಷ. ಜಗ್ಗಿ ಹಿಡಿದ ಗುಳಿಯನ್ನು ಮೇಲೆತ್ತುವ ಕ್ರೀಮು ಇಲ್ಲ. "ಕಲೆ ನಿವಾರಕ" ಎಂಬ ಪಟ್ಟಿ ಅಂಟಿಸಿಕೊಂಡ ಟ್ಯೂಬುಗಳು ಈ ಒಂದು ಪದದ ಮರೆಯಲ್ಲಿ ಹಾಯಾಗಿ ಮಾರಾಟವಾಗುತ್ತವೆ.

ತಗ್ಗುಗಳಲ್ಲೂ ಜಾತಿಗಳಿವೆ. 2001ರಿಂದ ಬಳಕೆಯಲ್ಲಿರುವ ವಿಂಗಡಣೆಯ ಪ್ರಕಾರ ಮೂರು. ಮೊನಚು ಕಡ್ಡಿಯಿಂದ ಚುಚ್ಚಿದಂತಿರುವ, 2 ಮಿಲಿಮೀಟರಿಗಿಂತ ಕಿರಿದಾದ ಆದರೆ ಬಹಳ ಆಳದ ರಂಧ್ರಗಳು ಐಸ್‌ಪಿಕ್. ಸುಮಾರು 1.5ರಿಂದ 4 ಮಿಲಿಮೀಟರ್ ಅಗಲ, ನೆಟ್ಟಗಿನ ಗೋಡೆ, ಚಪ್ಪಟೆ ತಳ ಇರುವವು ಬಾಕ್ಸ್‌ಕಾರ್. ಇನ್ನೂ ಅಗಲವಾಗಿ, ಅಂಚು ಎಲ್ಲಿ ಶುರುವಾಯಿತೆಂದು ಹೇಳಲಾಗದಂತೆ ಅಲೆಅಲೆಯಾಗಿ ಇಳಿದಿರುವವು ರೋಲಿಂಗ್. ನನ್ನ ಮುಂದೆ ಕುಳಿತವರ ಕೆನ್ನೆಯಲ್ಲಿ ಮೂರೂ ಇದ್ದವು; ಹೆಚ್ಚಿನ ಮುಖಗಳ ಕಥೆ ಅದೇ. ದಾರ ಕತ್ತರಿಸುವ ಕೆಲಸ ಮುಖ್ಯವಾಗಿ ಮೂರನೆಯ ಜಾತಿಗೆ. ಎಲ್ಲ ಗುಳಿಗೂ ಒಂದೇ ಯಂತ್ರ ತೋರಿಸುವ ಕಡೆ ನೋಡಬೇಕಾದದ್ದು ಯಂತ್ರವನ್ನಲ್ಲ, ನಿಮ್ಮ ಕೆನ್ನೆಯನ್ನು ಯಾರಾದರೂ ಮುಟ್ಟಿ ನೋಡಿದರೇ ಎಂಬುದನ್ನು.

ಈ ಕೆಲಸಕ್ಕೆ ಸಬ್‌ಸಿಷನ್ ಎಂದು ಹೆಸರು. ಚರ್ಮವನ್ನು ಸೀಳದೆ, ಒಂದು ಸೂಜಿ ಹೋಗುವಷ್ಟೇ ದಾರಿ ಮಾಡಿಕೊಂಡು ಅದರಡಿಯ ನಾರುಗಳನ್ನು ಬಿಡಿಸುವುದು. ಈ ಹೆಸರಿನಲ್ಲಿ ಇದನ್ನು 1995ರಲ್ಲಿ ವಿವರಿಸಿದವರು ಅಮೆರಿಕದ ಚರ್ಮವೈದ್ಯರಾದ ಡೇವಿಡ್ ಓರೆನ್‌ಟ್ರೈಕ್ ಮತ್ತು ಅವರ ತಂದೆ ನಾರ್ಮನ್ ಓರೆನ್‌ಟ್ರೈಕ್. ಕೂದಲು ಕಸಿಯ ಆಧುನಿಕ ಚರಿತ್ರೆ ಶುರುವಾಗುವುದೂ ಇದೇ ನಾರ್ಮನ್ ಅವರಿಂದ.

ಮೊದಲ ಹಂತ ಸೂಜಿಯಲ್ಲ, ಪೆನ್ನು. ರೋಗಿಯನ್ನು ಕೂರಿಸಿಯೇ ಗುರುತು ಹಾಕಬೇಕು. ಮಲಗಿದೊಡನೆ ಕೆನ್ನೆ ಕಿವಿಯ ಕಡೆಗೆ ಸರಿದು ಹರಡುತ್ತದೆ, ಅರ್ಧದಷ್ಟು ಗುಳಿಗಳು ಮಾಯವಾಗುತ್ತವೆ. ಕಲಿಯುವ ದಿನಗಳಲ್ಲಿ ಒಮ್ಮೆ ಮಲಗಿಸಿದ ಮೇಲೆ ಗುರುತು ಹಾಕಲು ಹೋಗಿ, ಎಲ್ಲಿದ್ದವು ಎಂದು ಹುಡುಕುತ್ತ ನಿಂತಿದ್ದೆ. ಅಂದಿನಿಂದ ಪಕ್ಕದ ದೀಪ, ಕೂತ ಭಂಗಿ, ಪ್ರತಿ ಗುಳಿಗೂ ಒಂದು ವೃತ್ತ. ವೃತ್ತದ ಒಳಗೆ ಹಿಡಿತ ಬಲವಾಗಿರುವ ಜಾಗಕ್ಕೆ ಒಂದು ಚುಕ್ಕೆ.

ಆಮೇಲೆ ಅರಿವಳಿಕೆ. ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಬೆರೆತ ದ್ರವವನ್ನು ಗುಳಿಗಳಡಿಯಲ್ಲಿ ತುಂಬುತ್ತೇವೆ. ಅಡ್ರಿನಲಿನ್ ರಕ್ತನಾಳಗಳನ್ನು ಕುಗ್ಗಿಸುತ್ತದೆ; ಅದಕ್ಕೆ ಸಮಯ ಕೊಡಬೇಕು. ಚರ್ಮ ಬಿಳಿಚಿಕೊಳ್ಳುವ ತನಕ ಕೈ ಕಟ್ಟಿ ಕೂತ ವೈದ್ಯರ ರೋಗಿಗೆ ಮರುದಿನ ಮುಖ ಕಡಿಮೆ ನೀಲಿಗಟ್ಟುತ್ತದೆ. ಇಡೀ ಪ್ರಕ್ರಿಯೆಯಲ್ಲಿ ನೋವಿನ ಪಾಲು ಏನಾದರೂ ಇದ್ದರೆ ಈ ಚುಚ್ಚುಮದ್ದುಗಳದ್ದೇ.

ಬಳಸುವ ಸೂಜಿ ದಪ್ಪದ ಅಳತೆಯಲ್ಲಿ 18 ಗೇಜಿನದು. ತುದಿಯಲ್ಲಿ ಪುಟ್ಟ ತ್ರಿಕೋನದ ಅಲಗಿರುವ ನೋಕೋರ್ ಸೂಜಿ ಹಳೆಯ ಗೆಳೆಯ. ತುದಿ ಮೊಂಡಾದ ಸಣ್ಣ ಕೊಳವೆ, ಅಂದರೆ ಕ್ಯಾನುಲಾ, ಈಚಿನದು. ಅಲಗಿನ ಸೂಜಿ ಬಿಗಿಯಾದ ನಾರನ್ನು ಚೊಕ್ಕವಾಗಿ ಕತ್ತರಿಸುತ್ತದೆ, ಆದರೆ ಕತ್ತರಿಸಬಾರದ್ದನ್ನೂ ಕತ್ತರಿಸಬಲ್ಲದು. ಮೊಂಡು ಕ್ಯಾನುಲಾ ರಕ್ತನಾಳವನ್ನು ಬಹುಮಟ್ಟಿಗೆ ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತದೆ. ಒಂದೇ ತೂತಿನಿಂದ ಇಡೀ ಕೆನ್ನೆಯನ್ನು ಮುಟ್ಟಬಹುದು. ಅಗಲದ ಕೆಲಸಕ್ಕೆ ಕ್ಯಾನುಲಾ, ಒಂದೆರಡು ಹಟಮಾರಿ ಗುಳಿಗಳಿಗೆ ಸೂಜಿ ಎಂಬುದು ನನ್ನ ರೂಢಿ.

ಗುಳಿಯಿಂದ ತುಸು ದೂರದಲ್ಲಿ ತೂರಿಸಿ, ಅಲಗನ್ನು ಚರ್ಮಕ್ಕೆ ಸಮಾನಾಂತರವಾಗಿ ಮಲಗಿಸಿ, ಒಳಚರ್ಮವೂ ಕೊಬ್ಬೂ ಸೇರುವ ಪದರದಲ್ಲಿ ಬೀಸಣಿಗೆಯ ಹಾಗೆ ಆಡಿಸುತ್ತೇವೆ. ನಾರಿಗೆ ತಾಗಿದಾಗ ಕೈಗೆ ಮರಳಿನಲ್ಲಿ ಎಳೆದಂತಹ ತಡೆ ಸಿಗುತ್ತದೆ. ಅದು ಬಿಟ್ಟುಕೊಂಡಾಗ ಟಪ್ಪೆಂದು ಸಣ್ಣ ಸದ್ದು, ಕೆಲವೊಮ್ಮೆ ದಪ್ಪ ಬಟ್ಟೆ ಹರಿದಂತೆ ಪರಪರ. ಕಿವಿಗೆ ಅಷ್ಟು ಹತ್ತಿರದಲ್ಲಿ ನಡೆಯುವುದರಿಂದ ರೋಗಿಗೂ ಕೇಳಿಸುತ್ತದೆ. ಮೊದಲೇ ಹೇಳಿರದಿದ್ದರೆ ಮಂಚದಿಂದ ಎದ್ದು ಕೂತುಬಿಡುತ್ತಾರೆ. ತಡೆಯೂ ಸದ್ದೂ ನಿಂತು ಸೂಜಿ ಸಲೀಸಾಗಿ ಆಡತೊಡಗಿದರೆ ಅಲ್ಲಿಗೆ ಆ ಗುಳಿಯ ಕೆಲಸ ಮುಗಿಯಿತು.

ಎಲ್ಲೆಡೆ ಇಷ್ಟು ಧೈರ್ಯ ತೋರಿಸುವಂತಿಲ್ಲ. ಕಣತಲೆಯಲ್ಲಿ ಹುಬ್ಬೆತ್ತುವ ನರದ ಕವಲು ಮೇಲ್ಮೈಗೆ ಬಹಳ ಹತ್ತಿರದಲ್ಲಿ ಹಾಯುತ್ತದೆ. ದವಡೆಯ ಅಂಚಿನಲ್ಲಿ ಕೆಳತುಟಿಯನ್ನು ಆಡಿಸುವ ನರವಿದೆ, ಅಲ್ಲೇ ಮುಖದ ಮುಖ್ಯ ಅಪಧಮನಿ ಮೂಳೆಯನ್ನು ದಾಟಿ ಮೇಲೇರುತ್ತದೆ. ಆ ಜಾಗಗಳಲ್ಲಿ ನಾನು ಜಿಪುಣ. ಗುಳಿ ಉಳಿದರೆ ಉಳಿಯಲಿ, ಹುಬ್ಬು ಇಳಿಬೀಳುವುದು ಬೇಡ.

ಸೂಜಿ ಹೊರಬಂದ ಕೂಡಲೇ ಗಟ್ಟಿಯಾಗಿ ಒತ್ತಿ ಹಿಡಿಯಬೇಕು, ಕೆಲವು ನಿಮಿಷ, ಗಡಿಯಾರ ನೋಡಿಕೊಂಡು. ಬಿಡಿಸಿದ ಜಾಗದಲ್ಲಿ ರಕ್ತ ಸ್ವಲ್ಪ ಸೇರುತ್ತದೆ. ಅದು ಎರಡು ಪದರಗಳು ಮತ್ತೆ ಅಂಟದಂತೆ ನಡುವೆ ನಿಲ್ಲುತ್ತದೆ, ಹೊಸ ಕೊಲಾಜನ್‌ಗೆ ನೆಲೆಯಾಗುತ್ತದೆ. ಮೇಲೆ ಹೇಳಿದ ಅಂಗಾಂಶ ನಷ್ಟ ತುಸುವಾದರೂ ತುಂಬುವುದು ಹೀಗೆ. ಅದೇ ರಕ್ತ ಅತಿಯಾದರೆ ಗಂಟು ಕಟ್ಟಿ ತಿಂಗಳುಗಟ್ಟಲೆ ಕಾಡುತ್ತದೆ. ಎಷ್ಟು ಬಿಡಬೇಕು ಎಂಬುದರ ಬಗ್ಗೆ ವೈದ್ಯರಲ್ಲೇ ಒಮ್ಮತವಿಲ್ಲ. ನಾನು ಒತ್ತುವವರ ಪಕ್ಷ.

ಮನೆಗೆ ಹೋದ ಮೇಲೆ ನೀಲಿ, ಹಸಿರು, ಹಳದಿ, ಈ ಕ್ರಮದಲ್ಲಿ ಮುಖ ಬಣ್ಣ ಬದಲಿಸುತ್ತದೆ. ಒಂದರಿಂದ ಎರಡು ವಾರ. ಮದುವೆಯೋ ಸಂದರ್ಶನವೋ ಹತ್ತಿರವಿದ್ದರೆ ಮುಂದಕ್ಕೆ ಹಾಕಿಕೊಳ್ಳಿ. ಸಾಮಾನ್ಯವಾಗಿ ನಾಲ್ಕನೆಯ ದಿನ ನನಗೊಂದು ಫೋನ್ ಬರುತ್ತದೆ: "ಡಾಕ್ಟರ್, ಗುಳಿ ಪೂರ್ತಿ ಹೋಗಿದೆ!" ಅದು ಬಾವಿನ ಉಪಕಾರ. ಮೂರನೆಯ ವಾರ ಅದೇ ಧ್ವನಿ ಇಳಿದಿರುತ್ತದೆ: "ಮತ್ತೆ ಬಂದುಬಿಟ್ಟಿದೆ." ಬಾವು ಇಳಿಯಿತು, ಕೊಲಾಜನ್ ಇನ್ನೂ ಬಂದಿಲ್ಲ, ಅಷ್ಟೇ. ಅದು ಕೂಡಿಕೊಂಡು ಮಾಗಲು ತಿಂಗಳುಗಳು ಬೇಕು. ಆದ್ದರಿಂದ ಮೂರನೆಯ ತಿಂಗಳು, ಅದೇ ದೀಪ, ಅದೇ ದೂರ, ಅದೇ ಕೋನದಲ್ಲಿ ಫೋಟೋ ತೆಗೆಯುವ ತನಕ ಗೆದ್ದೆವೆಂದೂ ಸೋತೆವೆಂದೂ ನಾನು ಹೇಳುವುದಿಲ್ಲ. ಕತ್ತರಿಸಿದ ನಾರುಗಳಲ್ಲಿ ಕೆಲವು ಮತ್ತೆ ಕೂಡಿಕೊಳ್ಳುತ್ತವೆ, ಹಾಗಾಗಿ ಒಂದೇ ಬಾರಿಗೆ ಮುಗಿಯುವುದು ಅಪರೂಪ. ಎರಡರಿಂದ ನಾಲ್ಕು ಬಾರಿ ಎಂದು ಲೆಕ್ಕವಿಡಿ, ನಡುವೆ ಆರೆಂಟು ವಾರ ಬಿಡುವು. ಬಿಡಿಸಿದ ಜಾಗಕ್ಕೆ ಹಯಲುರಾನಿಕ್ ಆಮ್ಲದ ಫಿಲ್ಲರ್ ಎಂಬ ಜೆಲ್ ತುಂಬಿ ಅಂಟದಂತೆ ನೋಡಿಕೊಳ್ಳುವುದೂ ಉಂಟು. ಖರ್ಚು ಏರುತ್ತದೆ, ಫಿಲ್ಲರ್ ಕಾಲಕ್ರಮೇಣ ಕರಗುತ್ತದೆ.

ಉಳಿದ ಎರಡು ಜಾತಿಗಳಿಗೆ ಬೇರೆ ಮದ್ದು. ಐಸ್‌ಪಿಕ್ ರಂಧ್ರದ ತಳಕ್ಕೆ ಚೂಪು ಕಡ್ಡಿಯ ತುದಿಯಿಂದ ಗಾಢ ಟ್ರೈಕ್ಲೋರೊ ಅಸಿಟಿಕ್ ಆಮ್ಲ ಮುಟ್ಟಿಸುವ ವಿಧಾನವನ್ನು 2002ರಲ್ಲಿ ಕೊರಿಯಾದ ವೈದ್ಯರು ವರದಿ ಮಾಡಿದರು. ಅವರು ಬಳಸಿದ್ದು ಶೇ 65 ಮತ್ತು ಶೇ 100ರ ಆಮ್ಲ. ಆನ್‌ಲೈನಿನಲ್ಲಿ ಬಾಟಲಿ ತರಿಸಿಕೊಂಡು ಕನ್ನಡಿಯ ಮುಂದೆ ನಿಂತು ಮಾಡಿಕೊಂಡವರನ್ನು ನೋಡಿದ್ದೇನೆ. ಒಂದು ರಂಧ್ರ ಮುಚ್ಚಲು ಹೋಗಿ ಅದರ ಸುತ್ತ ಕಾಸಿನಗಲ ಸುಟ್ಟುಕೊಂಡಿದ್ದರು. ಆಳದ ಬಾಕ್ಸ್‌ಕಾರ್ ಗುಳಿಯನ್ನು ಪಂಚ್ ಎಂಬ ದುಂಡು ಅಲಗಿನ ಉಪಕರಣದಿಂದ ಬಿಡಿಸಿ ಮೇಲಕ್ಕೆತ್ತಬಹುದು. ಆಳವಿಲ್ಲದವಕ್ಕೆ ಪುಟ್ಟ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಅಥವಾ ಲೇಸರ್. ಲೇಸರನ್ನು ನಾನು ಬೈಯುತ್ತಿಲ್ಲ. ಅದರ ಸರದಿ ದಾರ ಕತ್ತರಿಸಿದ ಮೇಲೆ.

ಕಂದು ಚರ್ಮದವರಿಗೆ ಸಬ್‌ಸಿಷನ್‌ನಲ್ಲಿ ಒಂದು ಅನುಕೂಲವಿದೆ. ಬಣ್ಣ ತಯಾರಿಸುವ ಜೀವಕೋಶಗಳಿರುವುದು ಮೇಲ್ಪದರದಲ್ಲಿ. ಶಾಖ, ಸವೆತ ಎರಡಕ್ಕೂ ಅವು ಸಿಟ್ಟಾಗಿ ಕಪ್ಪು ಬಿಡುತ್ತವೆ. ಈ ಸೂಜಿ ಅವುಗಳ ತಂಟೆಗೆ ಹೆಚ್ಚಾಗಿ ಹೋಗುವುದಿಲ್ಲ. ಹಾಗೆಂದು ಸನ್‌ಸ್ಕ್ರೀನ್ ಬಿಡುವಂತಿಲ್ಲ.

ಯಾರಿಗೆ ಬೇಡ? ಹೊಸ ಮೊಡವೆ ಏಳುತ್ತಲೇ ಇರುವವರಿಗೆ ಈಗ ಬೇಡ. ಮೊದಲು ಬೆಂಕಿ ಆರಲಿ. ಗಾಯವಾದಲ್ಲೆಲ್ಲ ಕೀಲಾಯ್ಡ್ ಎಂಬ ಉಬ್ಬಿದ ಗಡುಸು ಕಲೆ ಬೆಳೆಯುವವರು, ರಕ್ತ ಸರಿಯಾಗಿ ಹೆಪ್ಪುಗಟ್ಟದ ತೊಂದರೆ ಇರುವವರು, ಮುಖದಲ್ಲಿ ಸೋಂಕಿರುವವರು ಮೊದಲೇ ತಿಳಿಸಬೇಕು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಗುಳಿಗಾಗಿ ಅದನ್ನು ತಾವಾಗಿಯೇ ನಿಲ್ಲಿಸಬಾರದು. ಬರೆದುಕೊಟ್ಟ ವೈದ್ಯರನ್ನೇ ಕೇಳಬೇಕು. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗಿದವರು ಆರು ತಿಂಗಳು ಯಾವ ಪ್ರಕ್ರಿಯೆಯನ್ನೂ ಮಾಡಿಸಿಕೊಳ್ಳಬಾರದೆಂಬ ನಿಯಮ ದಶಕಗಳ ಕಾಲ ನಡೆಯಿತು. 2017ರಲ್ಲಿ ತಜ್ಞರು ಇದ್ದ ಆಧಾರಗಳನ್ನೆಲ್ಲ ಮತ್ತೆ ಜಾಲಾಡಿ, ಹಲವು ಪ್ರಕ್ರಿಯೆಗಳಿಗೆ ಅಷ್ಟು ಕಾಯಲು ಬಲವಾದ ಕಾರಣವಿಲ್ಲ ಎಂದರು. ಮಾತ್ರೆಯ ವಿಷಯ ಮುಚ್ಚಿಡಬೇಡಿ. ತೀರ್ಮಾನ ವೈದ್ಯರಿಗೆ ಬಿಡಿ.

ಎರಡನೆಯ ಸರದಿಗೆ ಬಂದಾಗ ಆ ಯುವತಿ ಪೆನ್ನು ಕೇಳಿದರು. ಈ ಬಾರಿ ಗುರುತು ತಾವೇ ಹಾಕುತ್ತಾರಂತೆ. ಪಕ್ಕದ ದೀಪ ಹಚ್ಚಿ ಕೈಗನ್ನಡಿ ಕೊಟ್ಟೆ. ಹನ್ನೊಂದು ವೃತ್ತ ಎಳೆದರು. ನನ್ನ ಲೆಕ್ಕದಲ್ಲಿ ಇದ್ದದ್ದು ಏಳು. ಎರಡು ಬರಿಯ ಕಪ್ಪು ಗುರುತು, ಬೆರಳಾಡಿಸಿ ತೋರಿಸಿದ ಮೇಲೆ ಅವರೇ ಒರೆಸಿದರು. ಒಂದು ಕಣತಲೆಯ ಹತ್ತಿರದ್ದು, ಬೇಡವೆಂದೆ. ಮುಖ ಸಣ್ಣಗೆ ಮಾಡಿಕೊಂಡು ಒಪ್ಪಿದರು. ಉಳಿದ ಒಂದು ಬಾಯಿಯ ಪಕ್ಕದಲ್ಲಿ, ಮಾತಾಡುವಾಗ ಮಾತ್ರ ತೆರೆದುಕೊಳ್ಳುವಂಥದ್ದು. ಎರಡು ಭೇಟಿಗಳಲ್ಲೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದರ ನಡುವೆ ಚುಕ್ಕೆ ಇಟ್ಟು ಮಲಗಲು ಹೇಳಿದೆ.