3389ನೇ ಪೋರ್ಟ್ ಏಕೆ ಮುಚ್ಚಿರಬೇಕು?

ಕಚೇರಿಯ ಕಂಪ್ಯೂಟರನ್ನು ದೂರದಿಂದ ಬಳಸಲು ಹೊರಟವರಿಗೆ ಮೊದಲು ಎದುರಾಗುವುದು ಸಂಸ್ಥೆಯ ಫೈರ್‌ವಾಲ್. ಒಳಗಿನ ಯಂತ್ರಗಳು ಹೊರಗೆ ಕಳಿಸಿದ ಕೋರಿಕೆಗಳನ್ನು ಅದು ನೆನಪಿಟ್ಟುಕೊಂಡು ಅವುಗಳ ಉತ್ತರಗಳನ್ನು ಒಳಗೆ ಬಿಡುತ್ತದೆ; ಯಾರೂ ಕೇಳದೆ ಹೊರಗಿನಿಂದ ಬಂದ ಸಂಪರ್ಕವನ್ನು ತಡೆಯುತ್ತದೆ. ನಾವು ಮನೆಯಿಂದ ಮಾಡುವ ಡೆಸ್ಕ್‌ಟಾಪ್ ಸಂಪರ್ಕ ಈ ಎರಡನೆಯ ಗುಂಪಿಗೆ ಸೇರುತ್ತದೆ.

ಪೋರ್ಟ್ ಎಂದರೆ ಯಂತ್ರದಲ್ಲಿ ಸೇವೆಯೊಂದನ್ನು ತಲುಪುವ, ಸಂಖ್ಯೆಯಿಂದ ಗುರುತಿಸುವ ಬಾಗಿಲು. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಸೇವೆ ಸಾಮಾನ್ಯವಾಗಿ 3389ನೇ ಪೋರ್ಟ್‌ನಲ್ಲಿ ಕಾಯುತ್ತಿರುತ್ತದೆ. ಫೈರ್‌ವಾಲ್‌ನಲ್ಲಿ ಆ ಪೋರ್ಟನ್ನು ತೆರೆದರೆ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಇದನ್ನು ಎಂದಿಗೂ ಮಾಡಬಾರದು. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಝಡ್‌ಮ್ಯಾಪ್ ಎಂಬ ತಂತ್ರಾಂಶವು, ಗಿಗಾಬಿಟ್ ಸಂಪರ್ಕವಿರುವ ಒಂದೇ ಕಂಪ್ಯೂಟರಿನಿಂದ, ಇಂಟರ್ನೆಟ್ ವಿಳಾಸ ಪದ್ಧತಿಯಾದ ಐಪಿವಿ4ರ ಸಾರ್ವಜನಿಕ ವಿಳಾಸಗಳಲ್ಲೆಲ್ಲ ಒಂದು ಪೋರ್ಟ್ ತೆರೆದಿದೆಯೇ ಎಂಬುದನ್ನು 45 ನಿಮಿಷಗಳೊಳಗೆ ತಟ್ಟಿ ನೋಡಬಲ್ಲದೆಂದು ತೋರಿಸಿಕೊಟ್ಟಿತು. ಅಂದಮೇಲೆ ನಮ್ಮ ಸಣ್ಣ ಕಚೇರಿಯನ್ನು ಯಾರು ಹುಡುಕಿಯಾರು ಎಂಬ ಧೈರ್ಯಕ್ಕೆ ಆಧಾರವಿಲ್ಲ. ಪೋರ್ಟಿನ ಸಂಖ್ಯೆಯನ್ನು ಬದಲಿಸಿದರೆ ಹುಡುಕುವವರಿಗೆ ತುಸು ತಡವಾಗುತ್ತದೆ, ಅಷ್ಟೆ.

ಗಟ್ಟಿಯಾದ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ಎಂಬ ದೋಷವು ಪಾಸ್‌ವರ್ಡ್ ಕೇಳುವ ಹಂತಕ್ಕೂ ಮೊದಲೇ ಹಳೆಯ ವಿಂಡೋಸ್ ಯಂತ್ರಗಳನ್ನು ವಶಪಡಿಸಿಕೊಳ್ಳಲು ದಾರಿ ಮಾಡಿಕೊಡುತ್ತಿತ್ತು. ಅದು ಎಷ್ಟು ಗಂಭೀರವಾಗಿತ್ತೆಂದರೆ, 2014ರಲ್ಲೇ ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಬಿಡುಗಡೆ ಮಾಡಿತು.

ಆದ್ದರಿಂದ ಡೆಸ್ಕ್‌ಟಾಪ್ ಸೇವೆಯನ್ನು ಹೊರಜಗತ್ತಿಗೆ ಕಾಣಿಸದೆ, ಅದರ ಮುಂದೆ ಗುರುತು ಪರೀಕ್ಷಿಸುವ ಇನ್ನೊಂದು ಬಾಗಿಲನ್ನು ಇಡಬೇಕು. ಈ ಕೆಲಸಕ್ಕೆ ವಿಪಿಎನ್ (ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಗೂಢಲಿಪಿಯಲ್ಲಿ ಸಾಗುವ ಖಾಸಗಿ ಸಂಪರ್ಕ) ನನಗೆ ಹೆಚ್ಚು ಒಪ್ಪಿಗೆಯಾದ ದಾರಿ. ಉದಾಹರಣೆಗೆ ವೈರ್‌ಗಾರ್ಡ್ ಎಂಬ ವಿಪಿಎನ್‌ನಲ್ಲಿ ಎರಡೂ ತುದಿಗಳಿಗೆ ತಮ್ಮದೇ ಆದ, ಗುಟ್ಟಾಗಿಡುವ ಖಾಸಗಿ ಕೀಲಿಯಿರುತ್ತದೆ, ಅದರ ಜೋಡಿಯಾದ, ಹಂಚಿಕೊಳ್ಳಬಹುದಾದ ಸಾರ್ವಜನಿಕ ಕೀಲಿ ಇನ್ನೊಂದು ತುದಿಗೆ ಮೊದಲೇ ತಿಳಿದಿರುತ್ತದೆ. ಸರಿಯಾದ ಗುರುತಿಲ್ಲದೆ ಬಂದ ಪ್ಯಾಕೆಟ್‌ಗೆ (ದತ್ತಾಂಶದ ತುಣುಕಿಗೆ) ಅದು ನಿರಾಕರಣೆಯನ್ನೂ ಕಳಿಸುವುದಿಲ್ಲ, ಸುಮ್ಮನಿದ್ದುಬಿಡುತ್ತದೆ. ತಟ್ಟಿ ನೋಡುವವನಿಗೆ ಅಲ್ಲಿ ಬಾಗಿಲಿದೆಯೆಂಬುದೇ ತಿಳಿಯುವುದಿಲ್ಲ. ಈ ಮೌನ ನನಗೆ ಬಹಳ ಅಚ್ಚುಮೆಚ್ಚು.

ವಿಪಿಎನ್ ಸಾಧ್ಯವಿಲ್ಲದ ಕಡೆ ಸುರಕ್ಷಿತ ವೆಬ್ ಪುಟಗಳು ಬಳಸುವ 443ನೇ ಪೋರ್ಟ್ ಮೂಲಕ ನಡೆಯುವ, ಗುರುತು ಪರೀಕ್ಷಿಸಿ ಸಂಪರ್ಕವನ್ನು ಒಳಗೆ ದಾಟಿಸುವ ರಿಮೋಟ್ ಡೆಸ್ಕ್‌ಟಾಪ್ ಗೇಟ್‌ವೇ ಇದೆ. ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಸುರಂಗವೂ ಆಗುತ್ತದೆ: ಉದಾಹರಣೆಗೆ, ನಮ್ಮ ಲ್ಯಾಪ್‌ಟಾಪಿನ 13389ನೇ ಪೋರ್ಟಿಗೆ ಕೊಟ್ಟದ್ದು ಗೂಢಲಿಪಿಯಲ್ಲಿ ಸಾಗಿ ಕಚೇರಿಯ ಎಸ್‌ಎಸ್‌ಎಚ್ ಸರ್ವರನ್ನು ತಲುಪಿ, ಅಲ್ಲಿಂದ ಒಳಗಿನ ಯಂತ್ರದ 3389ಕ್ಕೆ ಹೋಗುತ್ತದೆ. ಯಾವುದನ್ನು ಆರಿಸಿದರೂ ಜಾಲದ ಹೊಣೆ ಹೊತ್ತವರಿಗೆ ತಿಳಿಸಿಯೇ ಮಾಡಬೇಕು. ಒಳಗಿನಿಂದ ಗುಟ್ಟಾಗಿ ತೋಡಿದ ಸುರಂಗದ ಮೇಲೆ ಕಣ್ಣಿಡುವವರು ಯಾರೂ ಇರುವುದಿಲ್ಲ.

ವಿಪಿಎನ್ ದಾಟಿ ಬಂದವರಿಗೆ ಇಡೀ ಜಾಲವನ್ನು ಬಿಟ್ಟುಕೊಡುವುದು ಮತ್ತೊಂದು ಸಾಮಾನ್ಯ ತಪ್ಪು. ಒಬ್ಬೊಬ್ಬರಿಗೂ ಅವರವರ ಕಂಪ್ಯೂಟರಿನ ವಿಳಾಸ, ಅದರಲ್ಲೂ 3389ನೇ ಪೋರ್ಟ್ ಮಾತ್ರ ಸಿಗುವಂತೆ ನಿಯಮ ಬರೆದರೆ, ಕಳುವಾದ ಒಂದು ಲ್ಯಾಪ್‌ಟಾಪಿನಿಂದ ಆಗುವ ಹಾನಿ ಅಲ್ಲಿಗೇ ನಿಲ್ಲುವ ಸಂಭವ ಹೆಚ್ಚು. ಪಾಸ್‌ವರ್ಡಿನ ಜೊತೆಗೆ 30 ಸೆಕೆಂಡಿಗೊಮ್ಮೆ ಬದಲಾಗುವ ಸಂಕೇತಸಂಖ್ಯೆಯನ್ನೂ ಕೇಳಬೇಕು.

ಎಲ್ಲವನ್ನೂ ಹೊಂದಿಸಿದ ಮೇಲೆ, ಕಚೇರಿಯ ವೈಫೈ ಬಿಟ್ಟು ಮೊಬೈಲ್ ಡೇಟಾದಿಂದ ಪರೀಕ್ಷಿಸಬೇಕು. ವಿಪಿಎನ್ ಇಲ್ಲದೆ ಸಂಸ್ಥೆಯ ಸಾರ್ವಜನಿಕ ವಿಳಾಸದ 3389ನ್ನು ಕೇಳಿದಾಗ ಸಂಪರ್ಕ ಸಿಗಬಾರದು. ವಿಪಿಎನ್ ಜೋಡಿಸಿದೊಡನೆ ಲಾಗಿನ್ ಪರದೆ ತೆರೆದುಕೊಳ್ಳಬೇಕು. ಆಗಲೂ ತೆರೆಯದಿದ್ದರೆ, ನಿಯಮಗಳನ್ನು ಕೆದಕುವ ಮೊದಲು ಕಚೇರಿಯ ಕಂಪ್ಯೂಟರ್ ಸ್ಲೀಪ್ ಸ್ಥಿತಿಗೆ ಹೋಗಿದೆಯೇ ಎಂದು ನೋಡಿ.