ಆಂಟಿವೈರಸ್ ಒಂದೇ ಸಾಕು, ಎರಡನೆಯದು ಹಾಕಬೇಡಿ

ಕ್ಯಾತ್ಸಂದ್ರದಿಂದ ಒಬ್ಬರು ನಿವೃತ್ತ ಮೇಷ್ಟ್ರು ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಆನ್ ಮಾಡಿದರೆ ಕೆಲಸಕ್ಕೆ ಸಿದ್ಧವಾಗಲು 11 ನಿಮಿಷ. ನಾನು ಗಡಿಯಾರ ನೋಡಿಕೊಂಡೇ ಕೂತಿದ್ದೆ. "ವೈರಸ್ ಜಾಸ್ತಿ ಆಗಿದೆ ಕಣಪ್ಪ, ಇನ್ನೊಂದು ಒಳ್ಳೆ ಆಂಟಿವೈರಸ್ ಹಾಕಿಕೊಡು" ಎಂದರು. ಕೆಳಗೆ ಬಲಮೂಲೆಯಲ್ಲಿ ಬಾಣದ ಗುರುತು ಇರುತ್ತದಲ್ಲ, ಅದನ್ನು ಒತ್ತಿ ನೋಡಿದೆ. ಆಗಲೇ ಮೂರು ಕೂತಿದ್ದವು. ಒಂದು ಲ್ಯಾಪ್‌ಟಾಪ್ ಜೊತೆ ಬಂದಿದ್ದ ಟ್ರಯಲ್, ಅವಧಿ ಮುಗಿದು ಬಹಳ ಕಾಲ ಆಗಿತ್ತು. ಎರಡನೆಯದು ಅವರೇ ದುಡ್ಡು ಕೊಟ್ಟು ತಂದಿದ್ದು. ಮೂರನೆಯದು ಬೆಂಗಳೂರಿಂದ ಹಬ್ಬಕ್ಕೆ ಬಂದಿದ್ದ ಮೊಮ್ಮಗ ಫ್ರೀ ಸಿಗುತ್ತೆ ಅಂತ ಹಾಕಿ ಹೋಗಿದ್ದು.

ಪೂರ್ತಿ ಸ್ಕ್ಯಾನ್ ಮಾಡಿದೆ. ವೈರಸ್ ಒಂದೂ ಸಿಗಲಿಲ್ಲ.

ವಾರಕ್ಕೆ ಎರಡು ಮೂರು ಇಂಥ ಕಂಪ್ಯೂಟರ್ ನನ್ನ ಮೇಜಿಗೆ ಬರುತ್ತವೆ. ಬಾಗಿಲಿಗೆ ಒಂದರ ಬದಲು ಎರಡು ಬೀಗ ಹಾಕಿದರೆ ಭದ್ರ ಅಲ್ವಾ ಅಂತ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಬೀಗದ ಹೋಲಿಕೆ ಇಲ್ಲಿಗೆ ಸರಿಹೋಗುವುದಿಲ್ಲ. ಬೀಗ ಸುಮ್ನೆ ನೇತಾಡುತ್ತಿರುತ್ತದೆ, ಯಾರ ತಂಟೆಗೂ ಹೋಗುವುದಿಲ್ಲ. ಆಂಟಿವೈರಸ್ ಹಾಗಲ್ಲ, ಅದು ಇಡೀ ಹೊತ್ತು ಕೆಲಸ ಮಾಡುತ್ತಲೇ ಇರುತ್ತದೆ. ನೀವು ಒಂದು ಫೋಟೊ ತೆರೆದರೂ, ವಿಂಡೋಸ್ ತನ್ನಷ್ಟಕ್ಕೆ ತಾನು ಒಂದು ಫೈಲ್ ಮುಟ್ಟಿದರೂ ಮಧ್ಯದಲ್ಲಿ ತಡೆದು, ತನ್ನ ಪಟ್ಟಿಯ ಜೊತೆ ಹೋಲಿಸಿ ನೋಡಿ, ಆಮೇಲೆ ಬಿಡುತ್ತದೆ.

ಅಂತರಸನಹಳ್ಳಿ ಮಾರ್ಕೆಟ್ ಗೇಟಿನಲ್ಲಿ ಪ್ರತಿ ಮೂಟೆಯನ್ನೂ ಬಿಚ್ಚಿ ನೋಡಿ ಮತ್ತೆ ಹೊಲಿಯಲು ಒಬ್ಬನನ್ನು ನಿಲ್ಲಿಸಿದ್ದಾರೆ ಅಂದುಕೊಳ್ಳಿ. ಲಾರಿ ಸ್ವಲ್ಪ ತಡವಾಗುತ್ತದೆ, ಪರವಾಗಿಲ್ಲ. ಈಗ ಅದೇ ಗೇಟಿಗೆ ಇನ್ನೊಬ್ಬನನ್ನು ತಂದು ನಿಲ್ಲಿಸಿ. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಇಲ್ಲ. ಮೊದಲನೆಯವನು ಮೂಟೆಗೆ ಕೈ ಹಾಕಿದ ಕೂಡಲೇ ಎರಡನೆಯವನಿಗೆ ಅನುಮಾನ, ಅವನೂ ಬಿಚ್ಚುತ್ತಾನೆ. ಅವನು ಬಿಚ್ಚಿದ್ದು ಕಂಡು ಮೊದಲನೆಯವನು ಮತ್ತೆ ಬಿಚ್ಚುತ್ತಾನೆ. ಲಾರಿ ನಿಂತಲ್ಲೇ ನಿಂತಿರುತ್ತದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಆ ಕೂಸು ನಿಮ್ಮ ಹಾರ್ಡ್ ಡಿಸ್ಕ್.

ಮೇಷ್ಟ್ರಿಗೆ ಇದನ್ನು ಕಣ್ಣಾರೆ ತೋರಿಸಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಡಿಸ್ಕ್ ಅನ್ನುವ ಕಾಲಂ ಇದೆ. ಅದು 100 ಪರ್ಸೆಂಟ್ ತೋರಿಸುತ್ತಾ ಅಲ್ಲೇ ನಿಂತಿತ್ತು. ಆ ಕಾಲಂ ತಲೆಯ ಮೇಲೆ ಕ್ಲಿಕ್ ಮಾಡಿದರೆ ಡಿಸ್ಕನ್ನು ಯಾರು ಜಾಸ್ತಿ ಬಳಸುತ್ತಿದ್ದಾರೋ ಅವರ ಹೆಸರು ಮೇಲೆ ಬರುತ್ತದೆ. ಮೊದಲ ಎರಡು ಹೆಸರೂ ಆಂಟಿವೈರಸ್‌ಗಳದ್ದೇ. ಮೇಷ್ಟ್ರು ಕನ್ನಡಕ ಸರಿ ಮಾಡಿಕೊಂಡು ಎರಡು ಸಲ ಓದಿದರು.

ನಿಧಾನ ಆಗುವುದೊಂದೇ ತೊಂದರೆಯಾಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ನಿಜವಾದ ವೈರಸ್ ಬಂದಾಗ ಕೆಲವೊಮ್ಮೆ ಎರಡೂ ಒಂದೇ ಫೈಲನ್ನು ಹಿಡಿದೆಳೆಯುತ್ತವೆ. ಒಂದು ಅದನ್ನು ಹಿಡಿದು ಬಂದ್ ಮಾಡಿರುತ್ತದೆ, ಇನ್ನೊಂದಕ್ಕೆ ಅಳಿಸಲು ಆಗುವುದಿಲ್ಲ, ಕೊನೆಗೆ ಯಾವುದೂ ಸರಿಯಾಗಿ ತೆಗೆಯುವುದಿಲ್ಲ. ಒಂದು ಹಿಡಿದು ಕೂಡಿಟ್ಟ ವೈರಸನ್ನು ಇನ್ನೊಂದು ಹೊಸದಾಗಿ ಕಂಡುಹಿಡಿದ ಹಾಗೆ ದಿನಾ ಎಚ್ಚರಿಸುವುದೂ ಉಂಟು. ಅದನ್ನು ನೋಡಿದವರು ಗಾಬರಿಯಾಗಿ ಮೂರನೆಯದು ಹಾಕುತ್ತಾರೆ.

ಎಷ್ಟೋ ಜನಕ್ಕೆ ತಿಳಿಯದ ಇನ್ನೊಂದು ವಿಷಯ ಇದೆ. ನೀವು ಏನೂ ಹಾಕದಿದ್ದರೂ ಒಂದು ಆಂಟಿವೈರಸ್ ನಿಮ್ಮ ಕಂಪ್ಯೂಟರಿನಲ್ಲಿ ಆಗಲೇ ಇದೆ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ಡಿಫೆಂಡರ್ ಅನ್ನುವುದು ವಿಂಡೋಸ್ ಒಳಗೇ ಸೇರಿ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಹೊರಗಿನ ಇನ್ನೊಂದು ಆಂಟಿವೈರಸ್ ಹಾಕಿದರೆ ಡಿಫೆಂಡರ್ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಒಂದೇ ಸಾಕು ಅನ್ನುವುದು ಅದನ್ನು ಮಾಡಿದವರಿಗೆ ಗೊತ್ತು, ಅದಕ್ಕೇ ಹಾಗೆ ಮಾಡಿದ್ದಾರೆ. ದುಡ್ಡು ಕೊಡುವ ಆಂಟಿವೈರಸ್‌ಗಳೂ ಸಾಮಾನ್ಯವಾಗಿ ಹಾಕುವಾಗಲೇ "ಇನ್ನೊಂದು ಇದೆ, ತೆಗೆಯಲಾ?" ಎಂದು ಕೇಳುತ್ತವೆ. ಜನ ಓದದೆ ಮುಂದಕ್ಕೆ ಒತ್ತಿಬಿಡುತ್ತಾರೆ. ದಯವಿಟ್ಟು ಆ ಒಂದು ಸಾಲು ಓದಿ.

ಅವಧಿ ಮುಗಿದ ಟ್ರಯಲ್ ಇಟ್ಟುಕೊಳ್ಳುವುದು ಇನ್ನೂ ಕೆಟ್ಟದ್ದು. ಹೊಸ ವೈರಸ್‌ಗಳ ಪಟ್ಟಿ ಅದಕ್ಕೆ ಬರುವುದು ನಿಂತಿರುತ್ತದೆ. ಗೇಟಿನಲ್ಲಿ ಆಳು ಇದ್ದಾನೆ, ಕಣ್ಣು ಮಾತ್ರ ಕಾಣಿಸುತ್ತಿಲ್ಲ. ಅದು ಅಲ್ಲಿದೆ ಅನ್ನುವ ಕಾರಣಕ್ಕೆ ಕೆಲವು ಕಂಪ್ಯೂಟರ್‌ಗಳಲ್ಲಿ ಡಿಫೆಂಡರ್ ಕೂಡ ಎದ್ದಿರುವುದಿಲ್ಲ. ರಿನ್ಯೂ ಮಾಡುವುದಾದರೆ ಮಾಡಿ, ಇಲ್ಲದಿದ್ದರೆ ತೆಗೆದುಬಿಡಿ.

ಹಾಗಾದರೆ ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಮನೆಯಲ್ಲಿ ಫೋಟೊ, ಮಕ್ಕಳ ಪಾಠ, ಪಹಣಿ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಇಷ್ಟೇ ಆದರೆ ಡಿಫೆಂಡರ್ ಸಾಕು ಅನ್ನುವುದು ನನ್ನ ಅಭಿಪ್ರಾಯ, ವಿಂಡೋಸ್ ಅಪ್‌ಡೇಟ್ ನಿಲ್ಲಿಸದೆ ಮಾಡುತ್ತಿರಬೇಕು ಅಷ್ಟೆ. ಮಕ್ಕಳ ಬಳಕೆಗೆ ಕಡಿವಾಣ, ಫೋನ್ ಮಾಡಿದರೆ ಸಹಾಯ, ಇಂಥವು ಬೇಕಾದರೆ ದುಡ್ಡು ಕೊಟ್ಟು ತಗೊಳ್ಳಿ. ಪುಣೆಯ ಕ್ವಿಕ್ ಹೀಲ್ ಇದೆ, ಚೆನ್ನೈನ ಕೆ7 ಇದೆ, ಹೊರದೇಶದವೂ ಇವೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರಟಿವ್ಸ್ ಎನ್ನುವ ಸಂಸ್ಥೆಗಳು ಇವನ್ನೆಲ್ಲ ಪರೀಕ್ಷೆ ಮಾಡಿ ಫಲಿತಾಂಶ ಹಾಕುತ್ತವೆ, ಯಾರು ಬೇಕಾದರೂ ನೋಡಬಹುದು. ಚೆನ್ನಾಗಿರುವವುಗಳ ನಡುವೆ ಅಂತರ ತುಂಬಾ ಕಡಿಮೆ. ಆಫೀಸಿನ ಕಂಪ್ಯೂಟರ್ ಆದರೆ ನನ್ನ ಮಾತು ಕೇಳಬೇಡಿ, ಅಲ್ಲಿ ಅದನ್ನು ನೋಡಿಕೊಳ್ಳುವವರು ಹೇಳಿದಂತೆ ಮಾಡಿ.

ವಿಂಡೋಸ್ 7 ಇಟ್ಟುಕೊಂಡವರಿಗೆ ಯಾವ ಆಂಟಿವೈರಸ್ ಹಾಕಿದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ. ಅದರ ಅಪ್‌ಡೇಟ್ 2020ರ ಜನವರಿ 14ಕ್ಕೇ ನಿಂತಿತು. ವಿಂಡೋಸ್ 10ರ ಮಾಮೂಲಿ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಬಂದು ಪ್ರಪಂಚದ ತುಂಬ ಕಂಪ್ಯೂಟರ್‌ಗಳನ್ನು ಬಂದ್ ಮಾಡಿತಲ್ಲ, ಅದು ನುಗ್ಗಿದ ದಾರಿಯನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್ ತಿಂಗಳಲ್ಲೇ ಬಂದಿತ್ತು, ಅದನ್ನು ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ಎರಡು ಆಂಟಿವೈರಸ್ ಇದ್ದೂ ಎಲ್ಲ ಕಳೆದುಕೊಂಡ ಒಬ್ಬ ಹುಡುಗನ ವಿಷಯ ಹೇಳಬೇಕು. ಗುಬ್ಬಿ ಕಡೆಯವನು, ಮದುವೆ ಫೋಟೊ ತೆಗೆಯುತ್ತಾನೆ, ಬಹಳ ಕಷ್ಟಪಟ್ಟು ಕೆಲಸ ಮಾಡುವವನು. ಫೋಟೊ ತಿದ್ದುವ ಸಾಫ್ಟ್‌ವೇರ್ ದುಬಾರಿ ಅಂತ ಎಲ್ಲಿಂದಲೋ ಕ್ರ್ಯಾಕ್, ಅಂದರೆ ದುಡ್ಡು ಕೊಡದೆ ಬಳಸುವ ಕಳ್ಳ ಪ್ರತಿ, ಇಳಿಸಿದ್ದ. "ಹಾಕುವ ಮುಂಚೆ ಆಂಟಿವೈರಸ್ ಆಫ್ ಮಾಡಿ" ಎಂದು ಅದರ ಜೊತೆಗಿನ ಸೂಚನೆಯಲ್ಲಿ ಬರೆದಿತ್ತು. ಅವನು ಎರಡನ್ನೂ ತಾನೇ ಆಫ್ ಮಾಡಿದ. ಬೆಳಿಗ್ಗೆ ನೋಡಿದರೆ ಪ್ರತಿ ಫೋಟೊ ಹೆಸರಿನ ಕೊನೆಗೂ ಅರ್ಥವಿಲ್ಲದ ನಾಲ್ಕು ಅಕ್ಷರ. ಒಂದೂ ತೆರೆಯುವುದಿಲ್ಲ. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: 980 ಡಾಲರ್ ಕೊಡು, 72 ಗಂಟೆಯೊಳಗೆ ಆದರೆ 490. ಬ್ಯಾಕಪ್ ಇತ್ತು, ಆದರೆ ಆ ಹಾರ್ಡ್ ಡಿಸ್ಕ್ ಆ ರಾತ್ರಿ ಕಂಪ್ಯೂಟರಿಗೇ ಸಿಕ್ಕಿಸಿಕೊಂಡಿತ್ತು, ಅದೂ ಹೋಯಿತು. ಒಂಬತ್ತು ಮದುವೆ. ಅದರಲ್ಲಿ ಒಂದು ಮನೆಯಲ್ಲಿ ಮದುವೆಯಾದ ತಿಂಗಳಿಗೇ ಅಜ್ಜಿ ತೀರಿಕೊಂಡಿದ್ದರಂತೆ, ಅವರ ಕೊನೆಯ ಫೋಟೊ ಅದರಲ್ಲೇ ಇದ್ದವು. ಆ ಮನೆಗೆ ಹೋಗಿ ಏನು ಹೇಳಲಿ ಅಣ್ಣ ಅಂತ ಅವನು ನನ್ನ ಸ್ಟೂಲಿನ ಮೇಲೆ ಕೂತು ಅತ್ತ. ನಾನು ಮೂರು ದಿನ ಪ್ರಯತ್ನಪಟ್ಟೆ. ಕ್ಯಾಮೆರಾ ಕಾರ್ಡಿನಲ್ಲಿ ಅಳಿಸದೆ ಉಳಿದಿದ್ದ ಒಂದು ಮದುವೆ ಮಾತ್ರ ಸಿಕ್ಕಿತು. ಅಜ್ಜಿಯ ಮನೆಯದ್ದಲ್ಲ.

ಅವನ ಕಂಪ್ಯೂಟರಿನಲ್ಲಿ ಎರಡರ ಬದಲು ಐದಿದ್ದರೂ ಇದೇ ಆಗುತ್ತಿತ್ತು. ಆಫ್ ಮಾಡು ಅಂತ ಯಾವುದಾದರೂ ಸಾಫ್ಟ್‌ವೇರ್ ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಬ್ಯಾಕಪ್ ಆದಮೇಲೆ ಡಿಸ್ಕ್ ಬಿಚ್ಚಿ ಬೀರುವಿನಲ್ಲಿಡಿ.

ಇನ್ನು ತೆಗೆಯುವ ಕೆಲಸ. ಡೆಸ್ಕ್‌ಟಾಪ್ ಮೇಲಿನ ಚಿತ್ರ ಅಳಿಸಿದರೆ ಆಂಟಿವೈರಸ್ ಹೋಗುವುದಿಲ್ಲ. ದುಡ್ಡು ಕೊಟ್ಟು ತಗೊಂಡಿದ್ದರೆ ಮೊದಲು ಅದರ ಕೀ, ಅಂದರೆ ಕೊಂಡಾಗ ಕೊಟ್ಟ ಅಕ್ಷರ ಅಂಕಿಗಳ ಸಾಲು, ಒಂದು ಕಡೆ ಬರೆದಿಟ್ಟುಕೊಳ್ಳಿ. ಆಮೇಲೆ ಸೆಟ್ಟಿಂಗ್ಸ್, ಆ್ಯಪ್ಸ್ ಒಳಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಕೆಲವು ಬೇರು ಬಿಟ್ಟು ಹೋಗುತ್ತವೆ, ಅದಕ್ಕೆ ಅದೇ ಕಂಪನಿಯ ಜಾಲತಾಣದಲ್ಲಿ ತೆಗೆಯುವ ಸಾಧನ ಸಾಮಾನ್ಯವಾಗಿ ಸಿಗುತ್ತದೆ. ಕೊನೆಗೆ ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ ತೆರೆಯಿರಿ. ಅದರ ಸೆಟ್ಟಿಂಗ್ಸ್‌ನಲ್ಲಿ ಮ್ಯಾನೇಜ್ ಪ್ರೊವೈಡರ್ಸ್ ಅಂತ ಇದೆ, ಅಲ್ಲಿ ಯಾವುದು ಕೆಲಸ ಮಾಡುತ್ತಿದೆ ಅನ್ನುವುದು ಕಾಣುತ್ತದೆ. ನೀವು ಕೇಳಿದಾಗ ಮಾತ್ರ ಒಂದು ಸಲ ಸ್ಕ್ಯಾನ್ ಮಾಡಿ ಸುಮ್ಮನಾಗುವ ಸಾಫ್ಟ್‌ವೇರ್‌ಗಳಿವೆ, ಅವು ಜೊತೆಗಿದ್ದರೆ ಅಡ್ಡಿಯಿಲ್ಲ. ಇಡೀ ಹೊತ್ತು ಕಾವಲು ಕಾಯುವುದು ಮಾತ್ರ ಒಂದೇ ಇರಲಿ.

ಮೇಷ್ಟ್ರ ಲ್ಯಾಪ್‌ಟಾಪಿನಿಂದ ಟ್ರಯಲ್ ಮತ್ತು ಫ್ರೀ ಎರಡನ್ನೂ ತೆಗೆದೆ. ಅವರು ದುಡ್ಡು ಕೊಟ್ಟಿದ್ದಕ್ಕೆ ಇನ್ನೂ 7 ತಿಂಗಳು ಬಾಕಿ ಇತ್ತು, ಅದನ್ನೇ ಉಳಿಸಿದೆ. ಈಗ ಎರಡು ನಿಮಿಷದೊಳಗೆ ಆನ್ ಆಗುತ್ತದೆ. ಮೊನ್ನೆ ಭಾನುವಾರ ಫೋನ್ ಮಾಡಿದ್ದರು. "ಮೊಮ್ಮಗ ಬಂದಿದ್ದಾನೆ ಕಣಪ್ಪ, ತಾನು ಹಾಕಿದ್ದು ಎಲ್ಲಿ ಹೋಯ್ತು, ಮತ್ತೆ ಹಾಕ್ತೀನಿ ಅಂತಿದ್ದಾನೆ. ಆ ಮೂಟೆ ಬಿಚ್ಚೋ ಕಥೆ ಇವನಿಗೂ ಸ್ವಲ್ಪ ಹೇಳು" ಎಂದು ಫೋನನ್ನು ಅವನ ಕೈಗೆ ಕೊಟ್ಟರು.